ಆಗಸ್ಟ್ ತಿಂಗಳ ಏಳು ಪದಗಳು

ಟೊಲೀಡೊ
ಗುರುವಾರ, ಮಧ್ಯಾಹ್ನ

ಪ್ರೀತಿಯ ಟೆವಿನ್,

ಈ ಕಾಗದವನ್ನು ನಿನ್ನ ಕಟ್ಟಡದ ಕಾವಲುಗಾರನ ಕೈಗೆ ನಾನೇ ಕೊಟ್ಟುಬರುತ್ತೇನೆ. ಅಂಚೆಗೆ ಹಾಕಿದರೆ ಸೋಮವಾರ ತಲುಪುತ್ತದೆ, ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿರಬಹುದು. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ನೀನು ಮೈದಾನಕ್ಕೆ ಇಳಿಯಬಾರದು. ಇಷ್ಟನ್ನೇ ಹೇಳಲು ನಿನ್ನೆಯಿಂದ ನಾಲ್ಕು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಎತ್ತಿದರೆ ಏನು ಕೇಳಬೇಕಾಗುತ್ತದೆ ಎಂಬುದು ನಿನಗೆ ಗೊತ್ತಿತ್ತು.

ನಿನ್ನೆ ಬೆಳಿಗ್ಗೆ ನಿನ್ನ ಫೋನಿನಲ್ಲಿ ನನ್ನ ಗಂಡ ಲೆನ್ ಬಿಟ್ಟ ಮಾತುಗಳನ್ನು ಕೇಳಿದ್ದರೆ ಅವನ್ನು ಮನಸ್ಸಿನಿಂದ ತೆಗೆದುಹಾಕು. ಅವು ಹೇಗೆ ಹಾಗಾದವು ಎಂದು ಮುಂದೆ ಬರೆಯುತ್ತೇನೆ. ಮೊದಲು ನಾನು ಕಂಡದ್ದನ್ನು ಬರೆಯಬೇಕು. ಮೂವತ್ತೊಂದು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು ನಾನು. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರೆಬೇರೆ ಇಡುವ ಅಭ್ಯಾಸ ಹೋಗಿಲ್ಲ.

ಕಳೆದ ಭಾನುವಾರ ಫುಟ್‌ಬಾಲ್ ಪಂದ್ಯದ ಮೂರನೆಯ ಕ್ವಾರ್ಟರ್‌ನಲ್ಲಿ ಎದುರು ತಂಡದವನ ಮೊಣಕಾಲು ನಿನ್ನ ಕಿವಿಯ ಹಿಂದೆ ಬಡಿಯಿತು. ಟೀವಿಯವರು ಅದನ್ನು ಮೂರು ಸಲ ತೋರಿಸಿದರು. ನೀನು ಎದ್ದೆ. ಇಡೀ ಕ್ರೀಡಾಂಗಣ ಚಪ್ಪಾಳೆ ತಟ್ಟಿತು. ಟೀವಿಯಲ್ಲಿ ಮಾತಾಡುವವನು ನಿನ್ನನ್ನು ಯೋಧ ಎಂದು ಕರೆದ. ಆಮೇಲೆ ಚೆಂಡು ಚಲಿಸುವ ಮುನ್ನ ಪ್ರತಿ ಸಲವೂ ನೀನು ಬಗ್ಗಿ ಬಲಗೈಯ ಬೆರಳುಗಳಿಂದ ಹುಲ್ಲನ್ನು ಮುಟ್ಟಿದೆ. ಹನ್ನೊಂದು ಸಲ, ನಾನು ಎಣಿಸಿದೆ. ಅದಕ್ಕೆ ಮುಂಚೆ ಈ ಐದು ವರ್ಷಗಳಲ್ಲಿ ನೀನು ಒಮ್ಮೆಯೂ ಹಾಗೆ ಮಾಡಿದವನಲ್ಲ. ನೆಲ ಎಲ್ಲಿದೆ ಎಂಬ ಖಾತ್ರಿ ತಪ್ಪಿದವರು ಹಾಗೆ ಮುಟ್ಟುತ್ತಾರೆ. 1984ರ ನವೆಂಬರಿನಲ್ಲಿ ಲೆನ್ ಹಾಗೆ ಮುಟ್ಟುತ್ತಿದ್ದುದನ್ನು ಹದಿನೆಂಟನೆಯ ಸಾಲಿನಲ್ಲಿ ಕೂತು ನೋಡಿದ್ದೇನೆ. ಏನೋ ಹೊಸ ಶೈಲಿ ಕಲಿತಿದ್ದಾನೆ ಎಂದುಕೊಂಡು ಪಕ್ಕದವಳಿಗೆ ಹೆಮ್ಮೆಯಿಂದ ತೋರಿಸಿದ್ದೆ.

ಮಂಗಳವಾರ ನಿಮ್ಮ ತಂಡಕ್ಕೆ ರಜೆ, ನಮ್ಮ ಮನೆಯಲ್ಲಿ ನಿನಗೆ ಊಟ. ಲೆನ್‌ನ ಹಳೆಯ ಐವತ್ತಮೂರನೆಯ ನಂಬರನ್ನು ತೊಡಲು ಅವನ ಒಪ್ಪಿಗೆ ಕೇಳಬೇಕೆಂದು, ನಿನ್ನ ತಾಯಿ ಬೇಯಿಸಿಕೊಟ್ಟ ಗೆಣಸಿನ ಪೈ ಹಿಡಿದು ನೀನು ಮೊದಲ ಸಲ ಬಂದಾಗಿನಿಂದ ಆ ದಿನ ನಮ್ಮದು. ಬಾರ್ಜ್‌ಮೆನ್ ತಂಡದಲ್ಲಿ ಅವನ ಬಳಿಕ ಆ ನಂಬರ್ ತೊಟ್ಟ ಮೂವರಲ್ಲಿ ಕೇಳಿ ತೊಟ್ಟವನು ನೀನೊಬ್ಬನೇ. ಈ ಮಂಗಳವಾರ ಬಂದು ಕೂತವನೇ ‘ಮಿಸ್ ಬರ್ನಿ, ಆ ಮೇಲಿನ ದೀಪ ಆರಿಸ್ಲಾ? ಕಣ್ಣಿಗೆ ಚುಚ್ತಾ ಇದೆ’ ಅಂದೆ.

‘ಕತ್ತಲಲ್ಲಿ ಉಣ್ಣೋಕೆ ನೀನೇನು ಬಾವಲೀನಾ, ಮರಿ?’ ಎಂದ ಲೆನ್.

‘ಹಾಗಲ್ಲ ಸರ್, ನಿಮ್ಮ ಮುಖ ನೋಡ್ಕೊಂಡು ಕೋಳಿ ತಿನ್ನೋದು ಸ್ವಲ್ಪ ಕಷ್ಟ.’

ಇಬ್ಬರೂ ನಕ್ಕಿರಿ, ನಾನೂ ನಕ್ಕೆ. ಬಳಿಕ ನೀನು ನಿನ್ನ ತಂಗಿಯ ಮಗುವಿನ ಕತೆ ಹೇಳಿದೆ. ಚರ್ಚಿನಲ್ಲಿ ಹೆಸರಿಡುವಾಗ ಅದು ಪಾದ್ರಿಯ ಕನ್ನಡಕ ಕಿತ್ತುಕೊಂಡು ಕೊಡಲೊಲ್ಲೆ ಎಂದದ್ದು. ಲೆನ್ ಕಣ್ಣಲ್ಲಿ ನೀರು ಬರುವಂತೆ ನಕ್ಕ. ಕಾಲು ಗಂಟೆ ಕಳೆಯಿತು. ನಾನು ರೈ ಬ್ರೆಡ್ ಕತ್ತರಿಸುತ್ತಿದ್ದೆ. ‘ನಿಮಗೆ ಹೇಳೋದೇ ಮರ್ತಿದ್ದೆ, ನನ್ನ ತಂಗಿ ಮಗು ಏನು ಮಾಡ್ತು ಗೊತ್ತಾ?’ ಎಂದು ನೀನು ಮತ್ತೆ ಶುರುಮಾಡಿದೆ. ಅದೇ ಪಾದ್ರಿ, ಅದೇ ಕನ್ನಡಕ, ಅದೇ ಜಾಗದಲ್ಲಿ ಅದೇ ನಗು. ಲೆನ್ ಮೊದಲ ಸಲ ಕೇಳಿದವನಂತೆ ಮೇಜು ಕುಟ್ಟಿ ನಕ್ಕ. ಆ ಮೇಜಿನ ಸುತ್ತ ಇದು ಎರಡನೆಯ ಸಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಅವನಿಗೆ ಎಪ್ಪತ್ತು, ನಿನಗೆ ಇಪ್ಪತ್ತೇಳು. ಚಾಕು ಕೆಳಗಿಟ್ಟು ಒಂದು ನಿಮಿಷ ಸಿಂಕಿನ ಕಡೆ ತಿರುಗಿ ನಿಂತೆ.

ಬಾಗಿಲ ಹತ್ತಿರ ನಿನ್ನನ್ನು ನಿಲ್ಲಿಸಿದೆ.

‘ತಲೆ ಹೇಗಿದೆ?’

‘ಕತ್ತಿನ ಮೇಲೇ ಇದೆ, ಮಿಸ್ ಬರ್ನಿ.’

‘ಆಟ ಆಡ್ಬೇಡ. ಡಾಕ್ಟರ್‌ಗೆ ಹೇಳಿದ್ಯಾ?’

‘ನಾಳೆ ಪರೀಕ್ಷೆ ಇದೆಯಲ್ಲ. ನಾನು ಏಳು ಪದ ಹೇಳಿದ್ರೆ ಮುಗೀತು. ಹೇಳ್ಕೊಟ್ಟವರು ಯಾರು ಮತ್ತೆ?’

ನೀನು ಕಣ್ಣು ಮಿಟುಕಿಸಿ ಹಿಮದಲ್ಲಿ ಕಾರಿನ ಕಡೆ ನಡೆದೆ. ಮೆಟ್ಟಿಲ ಕಂಬಿಯನ್ನು ಬಿಡದೆ ಹಿಡಿದುಕೊಂಡು ಇಳಿದದ್ದನ್ನೂ ನೋಡಿದೆ.

ಹೌದು, ಹೇಳಿಕೊಟ್ಟವರು ಯಾರು. ಅದನ್ನು ನಾನು ಕಾಗದದ ಮೇಲೆ ಬರೆಯಲೇಬೇಕು. ಜುಲೈ ಕೊನೆಯ ವಾರ, ನಮ್ಮ ಹಿತ್ತಲಿನ ಮೇಜು. ತರಬೇತಿ ಶಿಬಿರಕ್ಕೆ ಹೊರಡುವ ಮುನ್ನ ನೀನು ಬಂದಿದ್ದೆ. ಆಗಸ್ಟ್ ಮೊದಲಲ್ಲಿ ತಂಡದವರೆಲ್ಲರ ತಲೆಯ ಪರೀಕ್ಷೆ ನಡೆಯುತ್ತದೆ. ಹನ್ನೆರಡು ಪದ ಓದುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಎಷ್ಟು ನೆನಪಿದೆ ಎಂದು ಕೇಳುತ್ತಾರೆ. ಆ ಅಂಕವನ್ನು ಇಟ್ಟುಕೊಂಡಿರುತ್ತಾರೆ. ಆಟದ ಋತುವಿನ ನಡುವೆ ಯಾರ ತಲೆಗಾದರೂ ಪೆಟ್ಟು ಬಿದ್ದರೆ ಮತ್ತೆ ಪದ ಓದಿ ಕೇಳಿ, ಆಗಸ್ಟ್ ಅಂಕದ ಪಕ್ಕ ಇಟ್ಟು ನೋಡುತ್ತಾರೆ. ಸಮ ಬಂದರೆ ತಲೆ ಸರಿಯಿದೆ ಎಂದು ಲೆಕ್ಕ. ಲೆನ್ ತಂಡದ ಕೋಚ್ ಆಗಿದ್ದ ಹನ್ನೊಂದು ವರ್ಷವೂ ತನ್ನ ಹುಡುಗರಿಗೆ ಒಂದು ಉಪಾಯ ಹೇಳಿಕೊಟ್ಟಿದ್ದ. ಅದನ್ನೇ ನಿನಗೂ ಹೇಳಿದ.

‘ಆಗಸ್ಟ್‌ನಲ್ಲಿ ದಡ್ಡನಾಗಿರು ಮರಿ. ಡಿಸೆಂಬರ್‌ನಲ್ಲಿ ಅದೇ ನಿನ್ನ ಕಾಯುತ್ತೆ. ಆದ್ರೆ ಐದು ಪದ ಹೇಳ್ಬೇಡ, ಸಿಕ್ಕಿಬೀಳ್ತೀಯ. ಏಳು ಹೇಳು. ಏಳು ಅಂದ್ರೆ ಸಾಧಾರಣ ದಡ್ಡ.’

ನಾನು ಏನು ಮಾಡಿದೆ ಎಂಬುದು ನಿನಗೆ ನೆನಪಿದೆಯೋ ಇಲ್ಲವೋ. ನನಗಿದೆ. ಒಳಗೆ ಹೋಗಿ ಕಾಗದ, ಪೆನ್ಸಿಲ್, ಅಡುಗೆಮನೆಯ ಗಡಿಯಾರ ತಂದೆ. ಹನ್ನೆರಡು ಪದ ಆರಿಸಿದೆ: ಏಣಿ, ಬೆಣ್ಣೆ, ಸೇತುವೆ, ಕೈಗವಸು, ಹೀಗೆ. ಅವು ಸುಲಭವಾಗಿ ನೆನಪಿನಲ್ಲಿ ಉಳಿಯಬಾರದೆಂದು ಒಂದಕ್ಕೊಂದು ಸಂಬಂಧವಿಲ್ಲದವನ್ನೇ ಹುಡುಕಿದೆ. ನೀನು ಹನ್ನೆರಡನ್ನೂ ಗಡಗಡ ಹೇಳಿಬಿಟ್ಟೆ. ‘ಥೂ, ಜಾಣ ಆಗ್ಬೇಡ ಅಂದ್ನಲ್ಲ’ ಎಂದು ಲೆನ್ ನಿನ್ನ ತಲೆಗೆ ಮೊಟಕಿದ. ಮತ್ತೆ ಓದಿದೆ. ಹತ್ತು. ಮತ್ತೆ ಓದಿದೆ. ನಾಲ್ಕನೆಯ ಸಲಕ್ಕೆ ನೀನು ಏಳರಲ್ಲಿ ನಿಂತು, ಆಕಾಶ ನೋಡಿ, ತಲೆ ಕೆರೆದುಕೊಂಡೆ. ನಾವು ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಹನ್ನೆರಡು ಪದ ನೆನಪಿಡಬಲ್ಲ ಒಂದು ಒಳ್ಳೆಯ ತಲೆಗೆ ಮರೆಯುವುದನ್ನು ಅಭ್ಯಾಸ ಮಾಡಿಸಿದವಳು ಪುಸ್ತಕಗಳ ನಡುವೆ ಬಾಳಿದ ನಾನು.

ಈ ಊರಿನಲ್ಲಿ ನನ್ನನ್ನು ಜಗಳಗಂಟಿ ಎನ್ನುತ್ತಾರೆ, ಸುಳ್ಳಲ್ಲ. ತಲೆಗೆ ಪೆಟ್ಟು ಬಿದ್ದವರನ್ನು ಆಡಿಸುವುದೇಕೆ ಎಂದು ನಗರಸಭೆಯಲ್ಲಿ ಎದ್ದು ನಿಂತು ಕೇಳಿದ್ದೇನೆ, ಪತ್ರಿಕೆಗೆ ಬರೆದಿದ್ದೇನೆ. ಲೆನ್‌ನ ಆಟದ ದಿನಗಳಲ್ಲಿ ತಂಡದ ಡಾಕ್ಟರ್ ಎರಡು ಬೆರಳು ತೋರಿಸಿ ಎಷ್ಟು ಎಂದು ಕೇಳುತ್ತಿದ್ದ. ಯಾವಾಗಲೂ ಎರಡೇ. ಕಣ್ಣು ಕಾಣದವನೂ ಎರಡು ಎನ್ನುತ್ತಿದ್ದ, ಒಳಗೆ ಹೋಗುತ್ತಿದ್ದ. ಆ ಡಾಕ್ಟರನ್ನು ಮೂವತ್ತು ವರ್ಷ ಬೈದೆ. ಮಾಲೀಕರನ್ನು ಬೈದೆ. ಬಿದ್ದವನು ಎದ್ದು ನಿಂತದ್ದಕ್ಕೆ ಚಪ್ಪಾಳೆ ತಟ್ಟುವ ಜನರನ್ನು ಬೈದೆ. ಹದಿನೆಂಟನೆಯ ಸಾಲಿನಲ್ಲಿ ತಟ್ಟಿದ ನನ್ನ ಎರಡು ಕೈಗಳನ್ನು ಮಾತ್ರ ಬಿಟ್ಟು. ಈಗಿನ ಡಾಕ್ಟರ್ ಲಿಂಡ್‌ಕ್ವಿಸ್ಟ್ ತಂಡದ ಸಂಬಳದವಳಲ್ಲ, ಹೊರಗಿನವಳು, ಪ್ರಾಮಾಣಿಕಳು. ಅವಳ ಮುಂದಿರುವ ಕಾಗದದ ಮೇಲಿನ ಏಳು ಎಂಬ ಅಂಕಿಯೇ ಸುಳ್ಳು. ಈ ಸಲ ಸುಳ್ಳು ಹೇಳಿದವರು ನಾವು.

ಪ್ರತಿ ಅಕ್ಟೋಬರಿನಲ್ಲಿ ಹಳಬರ ದಿನ ನಡೆಯುವುದನ್ನು ನೀನು ಐದು ಸಲ ನೋಡಿದ್ದೀಯ. ಆಟದ ನಡುವಿನ ವಿರಾಮದಲ್ಲಿ ಹಳೆಯ ಆಟಗಾರರು ತಮ್ಮ ನಂಬರಿನ ಅಂಗಿ ತೊಟ್ಟು ಮೈದಾನದ ನಡುವಿಗೆ ನಡೆಯುತ್ತಾರೆ, ನೀವು ಹೊಸಬರು ಎರಡೂ ಕಡೆ ನಿಂತು ಕೈಕುಲುಕುತ್ತೀರಿ. ಹೆಂಡತಿಯರು ಪಕ್ಕದಲ್ಲಿ ನಡೆಯುತ್ತಾರೆ. ನಮ್ಮ ಕೈ ಅವರ ಮೊಣಕೈ ಮೇಲೆ ಇರುತ್ತದೆ. ಗಂಡ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದಾನೆ ಎಂದು ಮೇಲಿನ ಸಾಲಿನವರಿಗೆ ಕಾಣುವಂತೆ, ನಾವು ಅವನನ್ನು ಕರೆದೊಯ್ಯುವುದನ್ನು ಕಲಿತಿದ್ದೇವೆ. ಅರ್ಧ ಹೆಜ್ಜೆ ಹಿಂದೆ ಇರಬೇಕು, ಹೆಬ್ಬೆರಳಿನಿಂದ ತಿರುಗಿಸಬೇಕು. ಡಚ್ ಹೊವಾನೆಕ್‌ನ ಹೆಂಡತಿ ನನಗೆ ಅದನ್ನು ಕಲಿಸಿಕೊಟ್ಟಳು. ಡಚ್ ಲೆನ್‌ನ ಎಡಗಡೆ ಆಡಿದವನು, ಎತ್ತಿನಂಥ ಮನುಷ್ಯ. ಹೋದ ವರ್ಷ ಮೈದಾನದ ನಡುವೆ ನಿಂತು, ಐವತ್ತಮೂರರ ಅಂಗಿಯಲ್ಲಿ ಕೈಕುಲುಕಲು ಬಂದ ನಿನ್ನನ್ನೇ ‘ಲೆನ್, ಎಷ್ಟು ಹೊತ್ತಿದೆ ಇನ್ನೂ?’ ಎಂದು ಕೇಳಿದ. ನೀನು ಒಳ್ಳೆಯವನು. ‘ಐದು ನಿಮಿಷ, ಡಚ್’ ಅಂದೆ. ಅವನಿಗೆ ಎಷ್ಟು ಸಮಾಧಾನವಾಯಿತು ಎಂದು ನಾನು ಕಂಡೆ. ನಿನಗೆ ಇನ್ನೂ ಮದುವೆಯಾಗಿಲ್ಲ ಟೆವಿನ್. ಆ ಹೆಬ್ಬೆರಳಿನ ವಿದ್ಯೆಯನ್ನು ಮುಂದೆ ಯಾವ ಹುಡುಗಿಗೂ ನಾನು ಕಲಿಸಿಕೊಡುವುದಿಲ್ಲ.

ಈಗ ಬುಧವಾರದ ಮಾತು. ಬೆಳಿಗ್ಗೆ ಲೆನ್ ಚೆನ್ನಾಗಿದ್ದ, ದಿನಪತ್ರಿಕೆಯಲ್ಲಿ ಅಂಕಗಳ ಪಟ್ಟಿ ಓದುತ್ತಿದ್ದ. ನಾನು ಎದುರಿಗೆ ಕೂತು ಎಲ್ಲ ಹೇಳಿದೆ. ನೆಲ ಮುಟ್ಟಿದ್ದು, ದೀಪ, ಎರಡು ಸಲ ಹೇಳಿದ ಕತೆ. ಅವನು ಪತ್ರಿಕೆ ಮಡಿಸಿಟ್ಟ.

‘ನಾನು ಹೇಳಿದ್ರೆ ಕೇಳ್ತಾನೆ’ ಅಂದ. ‘ಕೊಡಿಲ್ಲಿ ಫೋನ್.’

ನಾನೇ ನಂಬರ್ ಒತ್ತಿಕೊಟ್ಟೆ. ನೀನು ಎತ್ತಲಿಲ್ಲ, ಸಂದೇಶ ಬಿಡಿ ಎಂದು ಬಂತು. ಅವನು ಸರಿಯಾಗಿಯೇ ಶುರುಮಾಡಿದ. ‘ಮರಿ, ನಾನು ಲೆನ್. ಬರ್ನಿ ಎಲ್ಲ ಹೇಳಿದ್ಲು. ನೋಡು, ಈ ಭಾನುವಾರ...’ ಅಲ್ಲಿ ನಿಂತ. ಕಿಟಕಿಯ ಹೊರಗೆ ಏನೋ ಹುಡುಕುವವನಂತೆ ನೋಡಿದ. ಆಮೇಲೆ ಅವನ ದನಿ ಬದಲಾಯಿತು. ಹದಿನೈದು ವರ್ಷಗಳಿಂದ ನಾನು ಕೇಳಿರದ ಕೋಚ್ ದನಿ ಅದು. ‘ಈ ಭಾನುವಾರ ತಲೆ ತಿರುಗಿದ್ರೆ ಕೈ ನೆಲಕ್ಕೆ ಊರು. ನೆಲ ಎಲ್ಲೂ ಹೋಗಲ್ಲ. ಡಾಕ್ಟರ್ ಕೇಳಿದ್ರೆ ಏಳು. ನನ್ನ ಹುಡುಗರು ಬೆಂಚ್ ಮೇಲೆ ಕೂರಲ್ಲ.’ ಇಟ್ಟುಬಿಟ್ಟ. ಕಿತ್ತುಕೊಳ್ಳಬಹುದಿತ್ತು, ನಾನು ಎರಡು ಅಡಿ ದೂರದಲ್ಲಿದ್ದೆ. ಕಿತ್ತುಕೊಳ್ಳಲಿಲ್ಲ. ಅವನ ಮುಖದಲ್ಲಿ ಅಷ್ಟು ಬೆಳಕಿತ್ತು.

‘ಸರಿಯಾಗಿ ಹೇಳಿದ್ನಲ್ವಾ ಬರ್ನಿ?’ ಎಂದು ಕೇಳಿದ.

‘ಸರಿಯಾಗಿ ಹೇಳ್ದೆ’ ಅಂದೆ.

ಆ ಸಂದೇಶ ಲೆನ್‌ನದಲ್ಲ. ಅವನು ಹೇಳಲು ಕೂತದ್ದು ‘ಆಡಬೇಡ’ ಎಂದು. ಆ ಮಾತು ಅವನ ತಲೆಯಿಂದ ಬಾಯಿಗೆ ಬರುವ ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಆ ದಾರಿ ಹಾಗೆ ಹಾಳಾದದ್ದು ಹೇಗೆಂದು ನಿನಗೆ ಹೇಳಬೇಕಾಗಿಲ್ಲ. ನೀನು ಪರೀಕ್ಷೆ ದಾಟಿದ್ದೀಯ, ಭಾನುವಾರ ಆಡುತ್ತೀಯ ಎಂದು ಮಧ್ಯಾಹ್ನ ರೇಡಿಯೊದಲ್ಲಿ ಬಂತು. ಎಷ್ಟು ಪದ ಹೇಳಿದೆ ಟೆವಿನ್? ಏಳಕ್ಕೆ ಬೇಕೆಂದು ನಿಂತೆಯೋ, ಅಥವಾ ಅಷ್ಟೇ ಇದ್ದವೋ? ಈ ಪ್ರಶ್ನೆಗೆ ನನಗಲ್ಲ, ನಿನಗೆ ನೀನೇ ಉತ್ತರ ಕೊಟ್ಟುಕೋ.

ಮೊದಲ ಸಾಲಿನ ಆಟಗಾರನಾಗಲು ಐದು ವರ್ಷ ಕಾದ ಮೇಲೆ ನಿನಗೆ ಸಿಕ್ಕ ಜಾಗ ಅದು ಎಂದು ಬಲ್ಲೆ. ಈ ಭಾನುವಾರ ಗೆದ್ದರೆ ತಂಡ ಪ್ಲೇಆಫ್ ಸುತ್ತಿಗೆ ಹೋಗುತ್ತದೆ, ನಿನ್ನ ಹಿಂದೆ ಇಪ್ಪತ್ತೆರಡರ ಹುಡುಗನೊಬ್ಬ ಕಾದು ನಿಂತಿದ್ದಾನೆ ಎಂಬುದೂ ಗೊತ್ತು. ಆ ಜಾಗ ಮತ್ತೆ ಸಿಗುತ್ತದೆ ಎಂದು ಸುಳ್ಳು ಧೈರ್ಯ ಹೇಳಲಾರೆ. ಸಿಗದೆಯೂ ಇರಬಹುದು.

ನಾಳೆ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರ್ ಲಿಂಡ್‌ಕ್ವಿಸ್ಟ್ ನನಗೆ ಸಮಯ ಕೊಟ್ಟಿದ್ದಾಳೆ. ಯಾಕೆ ಎಂದು ಕೇಳಿದಳು, ಬಂದು ಹೇಳುತ್ತೇನೆ ಎಂದೆ. ಅವಳು ಎಂಟಕ್ಕೇ ಅಲ್ಲಿರುತ್ತಾಳೆ. ಆ ಎರಡು ಗಂಟೆ ನಿನ್ನದು. ನೀನೇ ಹೋಗಿ, ಆಗಸ್ಟ್ ಅಂಕ ಸುಳ್ಳು, ಹೋದ ಭಾನುವಾರದಿಂದ ನನಗೆ ಬೆಳಕು ತಡೆಯುವುದಿಲ್ಲ ಎಂದು ಹೇಳಿದರೆ ಅದು ನಿನ್ನ ಮಾತಾಗಿ ಉಳಿಯುತ್ತದೆ. ನೀನು ಹೋಗದಿದ್ದರೆ ಹತ್ತಕ್ಕೆ ನಾನು ಹೇಳುತ್ತೇನೆ: ಕಲಿಸಿದವನು ನನ್ನ ಗಂಡ, ಪದ ಓದಿದವಳು ನಾನು ಎಂದು. ಲೆನ್‌ನ ಹೆಸರು ಕ್ರೀಡಾಂಗಣದ ಗೋಡೆಯ ಮೇಲಿದೆ. ಅದನ್ನು ಅಳಿಸಿದರೂ ಅಳಿಸಲಿ. ಅವನಿಗೆ ತಿಳಿಯುವುದಿಲ್ಲ, ನನಗೆ ತಿಳಿಯುತ್ತದೆ, ಅದು ನ್ಯಾಯವೇ. ನಾನು ಹಿಂದೆ ಸರಿಯುತ್ತೇನೆ ಎಂದು ಒಂದು ಗಳಿಗೆಯೂ ನಂಬಬೇಡ. ಒಮ್ಮೆ ಎರಡು ಅಡಿ ದೂರದಲ್ಲಿ ಸುಮ್ಮನೆ ನಿಂತೆ, ಅಷ್ಟು ಸಾಕು.

ನೀನು ಇನ್ನು ಮಂಗಳವಾರ ಬರಲಿಕ್ಕಿಲ್ಲ. ತಂಡದ ಹುಡುಗರು ಈ ಮುದುಕಿಯನ್ನು ಚಾಡಿಕೋರಳು ಎನ್ನುತ್ತಾರೆ, ನೀನೂ ಅನ್ನು. ಲೆನ್ ಬಾಗಿಲ ಕಡೆ ನೋಡಿ ಯಾರೋ ಬರಬೇಕಿತ್ತಲ್ಲ ಎಂದರೆ ಏನು ಹೇಳಬೇಕೆಂದು ಇನ್ನೂ ಯೋಚಿಸಿಲ್ಲ.

ನಿನಗೆ ಎಪ್ಪತ್ತು ವರ್ಷ ತುಂಬಲಿ ಟೆವಿನ್. ಆ ದಿನ ಮೊಮ್ಮಕ್ಕಳ ನಡುವೆ ಕೂತು, ನಿನ್ನ ಆಟ ಕಸಿದುಕೊಂಡವಳು ಯಾರು, ಯಾವ ಬೀದಿಯವಳು, ಯಾವ ವಾರ ಕಸಿದುಕೊಂಡಳು ಎಂದು ಒಂದೂ ತಪ್ಪದೆ ನೆನಪಿಸಿಕೊಂಡು, ಹೆಸರು ಹಿಡಿದು ನನ್ನನ್ನು ಬೈಯುವಂತಾಗಲಿ.

ನಿನ್ನ ಒಳಿತನ್ನೇ ಬಯಸುವ,
ಬರ್ನಡೀನ್ ಸ್ಕಾಲ್ಸ್ಕಿ