ಸಹಿ ಬೀಳುವವರೆಗೆ ಬಾಯಿಗೆ ಬೀಗ

ಲಾಂಡ್ರಿಯ ಹಿಂದಿನ ಕೋಣೆ
ಗುರುವಾರ, ೧೪ನೇ ಮಾರ್ಚ್

ನನ್ನ ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಮಲಗಲು ಆಗುತ್ತಿದೆಯೋ, ಇನ್ನೂ ಒರಗಿ ಕೂತೇ ನಿದ್ದೆಯೋ? ಆಸ್ಪತ್ರೆಯ ಬೆಡ್‌ಶೀಟಿಗೆ ಗಂಜಿ ಜಾಸ್ತಿ ಹಾಕಿದ್ದಾರೆಂದು ನರ್ಸಮ್ಮನ ಜೊತೆ ಜಗಳ ತೆಗೆದಿರಂತೆ, ನಿಮ್ಮ ತಂಗಿ ಹೇಳಿದಳು. ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಂಡು ನಕ್ಕೆ. ಆಮೇಲೆ ಅಳು ಬಂತು.

ಇಲ್ಲಿ ಎಲ್ಲರೂ ಕ್ಷೇಮ. ಬಾಯ್ಲರ್ ಮಾತ್ರ ನೀವು ಹೋದಾಗಿನಿಂದ ಮುನಿಸಿಕೊಂಡಿದೆ. ಸಂಜೆ ಹೋಟೆಲಿನ ಮ್ಯಾನೇಜರ್ ಅವರ ಬಟ್ಟೆ ಒಗೆಯುವ ಕರಾರಿಗೆ ಸಹಿ ಹಾಕಲು ಬರುತ್ತಾರೆ. ಅದು ಕೈತಪ್ಪಿದರೆ ನಮ್ಮ ಸಂಘದ ಅರ್ಧದಷ್ಟು ಹೆಂಗಸರಿಗೆ ಕೆಲಸವಿಲ್ಲ. ಅಧ್ಯಕ್ಷೆಯ ಕುರ್ಚಿ ಬಿಟ್ಟು ನಿಮ್ಮ ಹತ್ತಿರ ಬಂದುಬಿಡಲೇ ಎಂದು ಹೋದ ಸಲ ಕೇಳಿದಾಗ ನೀವು ಅಂದದ್ದು ನೆನಪಿದೆ: "ಸಹಿ ಬೀಳೋವರೆಗೂ ಬಾಯಿಗೆ ಬೀಗ ಹಾಕ್ಕೋ. ಯೋಚನೆ ಮಾಡ್ತಿದ್ದೀನಿ ಅಂದ್ರೆ ಸಾಕು, ಜನ ಬಿಟ್ಟೇಬಿಟ್ಟಳು ಅಂತ ತಿಳ್ಕೊಳ್ತಾರೆ." ನಿಜವೇ. ಮ್ಯಾನೇಜರ್ ಸಂಘವನ್ನು ನಂಬಿಲ್ಲ, ನನ್ನ ಮುಖ ನಂಬಿದ್ದಾರೆ.

ಆದರೆ ಬೀಗ ಹಾಕಿದ್ದು ಬಾಯಿಗೆ, ಕೈಗಲ್ಲವಲ್ಲ. ಮೊನ್ನೆ ಗಡಿಬಿಡಿಯನ್ನು ಕರೆದು (ಹೌದು, ಮೈಮೇಲಿದ್ದ ಅಂಗಿಯ ತೋಳಿಗೇ ಇಸ್ತ್ರಿ ಹಾಕಿಕೊಂಡವಳು, ಅವಳೇ) ಬಾಯ್ಲರಿನ ವಾಲ್ವ್ ತಿರುಗಿಸುವುದನ್ನು ಕಲಿಸುತ್ತಿದ್ದೆ. ಎಂದೂ ಸುಮ್ಮನಿರದವಳು ಸುಮ್ಮನೆ ನಿಂತು, "ಅಕ್ಕಾ, ಇದೆಲ್ಲ ಈಗ ನಂಗ್ಯಾಕೆ?" ಅಂದಳು. ಇಸ್ತ್ರಿ ಮೇಜುಗಳ ಹತ್ತಿರ ಎಲ್ಲರ ಕೈ ನಿಂತಿತು. "ಕಲಿತರೆ ಕೈ ಸವೆಯುತ್ತಾ?" ಎಂದು ರೇಗಿದೆ. ಆಮೇಲೆ ನಾನು ಬೆಡ್‌ಶೀಟ್ ಮಡಿಸಲು ನಿಂತರೆ, ಆ ಕಡೆಯ ಅಂಚು ಹಿಡಿಯಲು ನಾನು ತಾನು ಎಂದು ಓಡಿ ಬಂದರು. ನೀವು ಹಿಡಿಯುತ್ತಿದ್ದ ಅಂಚು. ಎರಡು ಮಡಿಕೆಯಾದ ಮೇಲೆ ಇಬ್ಬರೂ ನಡೆದು ಎದುರುಬದುರಾಗಬೇಕಲ್ಲ, ಅಲ್ಲಿ ನಿಮ್ಮ ಮುಖವಿರಲಿಲ್ಲ. ಕಣ್ಣು ತುಂಬಿತು. ಹಬೆ ಎಂದು ಸುಳ್ಳು ಹೇಳಿದೆ. ನೀವಿಲ್ಲದೆ ನನಗೆ ಈ ಜಾಗ ಸಾಕಾಗಿದೆ, ರೀ. ಆದರೂ ನಿಮ್ಮ ಮಾತು ಮೀರುವುದಿಲ್ಲ. ಇವತ್ತು ಸಹಿ ಬೀಳಲಿ, ಸೋಮವಾರ ಎಲ್ಲರಿಗೂ ಹೇಳುತ್ತೇನೆ.

ಔಷಧಿ ತಪ್ಪಿಸಬೇಡಿ. ಹಗಲೂ ಇರುಳೂ ನಿಮ್ಮ ಪಕ್ಕ ಕೂತಿರುವ ಆ ಪುಣ್ಯಾತ್ಗಿತ್ತಿಗೆ, ನಿಮ್ಮ ತಂಗಿಗೆ, ಒಳ್ಳೆಯದಾಗಲಿ. ಲಾಂಡ್ರಿಯವರೆಲ್ಲ ನಿಮ್ಮನ್ನು ಕೇಳಿದ್ದಾರೆ.

ಇಂತಿ, ನಿಮ್ಮ
ಜಗಳಗಂಟಿ

ವಿ.ಸೂ.: ಈಗ ಸಂಜೆ. ಮ್ಯಾನೇಜರ್ ಪೆನ್ನು ತೆಗೆಯುವಾಗಲೇ ನಿಮ್ಮ ತಂಗಿಯ ಫೋನು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೋದ ವಾರವೇ ಹೇಳಿದ್ದರಂತೆ. "ಅತ್ತಿಗೆಗೆ ಹೇಳ್ಬೇಡ, ಸಹಿ ಬೀಳ್ಲಿ" ಎಂದು ಅವಳ ಬಾಯಿಗೂ ಬೀಗ ಹಾಕಿದಿರಂತೆ. ನಾನು ಅಧ್ಯಕ್ಷೆಯ ಕುರ್ಚಿ ಬಿಡುತ್ತಿದ್ದೇನೆ ಎಂದು ಎಲ್ಲರೆದುರು ಹೇಳಿಬಿಟ್ಟೆ. ಮ್ಯಾನೇಜರ್ ಪೆನ್ನಿಗೆ ಕ್ಯಾಪು ಹಾಕಿ, ಮುಂದಿನ ತಿಂಗಳು ನೋಡೋಣ ಎಂದು ಎದ್ದರು. ನಮ್ಮವರು ಒಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಡಿಬಿಡಿ ನನ್ನ ಚೀಲ ತಂದು ಕೈಗಿಟ್ಟು, "ಬಾಯ್ಲರ್ ನಾನು ನೋಡ್ಕೋತೀನಿ, ಹೊರಡಿ ಅಕ್ಕಾ" ಅಂದಳು. ಈ ಕಾಗದ ಅಂಚೆಗೆ ಹಾಕುವುದಿಲ್ಲ. ಈಗಿನ ಬಸ್ಸಿಗೆ ನಾನೇ ತರುತ್ತಿದ್ದೇನೆ, ನಾನೇ ಓದಿ ಹೇಳುತ್ತೇನೆ. ಕೇಳಿ ಮುಗಿಸಿ ಬಾಯಿಗೆ ಬಂದ ಹಾಗೆ ಬೈಯಿರಿ. ಅಷ್ಟಕ್ಕಾದರೂ ಉಸಿರು ಉಳಿಸಿಕೊಂಡಿರಿ.