ಒಸಾಕಾದ ರೈಲಿನಲ್ಲಿ ಗಂಗಾ

ಒಸಾಕಾ, ಏಪ್ರಿಲ್ ೯, ಬುಧವಾರ

ಇಂದು ನನ್ನ ಹೆಂಡತಿ ಗಂಗಾ ಈ ಊರಿನಲ್ಲಿ ಕಳೆದುಹೋಗಿದ್ದಳು.

ಇಲ್ಲಿಯ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಬೋಗಿ ತುಂಬ ಜನ, ಆದರೆ ಸಪ್ಪಳವಿಲ್ಲ. ನಮ್ಮೂರು ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದವರ ಮೊಮ್ಮಕ್ಕಳ ಹೆಸರು ಕೇಳದೆ ಬಸ್ ಹತ್ತದ ಗಂಗಾಗೆ ಇದು ಶಿಕ್ಷೆ. "ಎಲ್ಲಾರ ಮನ್ಯಾಗೂ ಯಾರರ ತೀರ್ಕೊಂಡಾರೇನ್ರಿ?" ಎಂದು ನಿನ್ನೆ ಕಿವಿಯಲ್ಲಿ ಕೇಳಿದ್ದಳು.

ಇಂದು ಮಧ್ಯಾಹ್ನ ಆಕೆ ಮೊದಲು ಹತ್ತಿದಳು. ನಾನು ಹತ್ತುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ಗಾಜಿನಾಚೆ ಆಕೆಯ ಬಾಯಿ ಆಡುತ್ತಿತ್ತು, ಏನೂ ಕೇಳಿಸಲಿಲ್ಲ. ಆಕೆಯ ಬಳಿ ಫೋನಿಲ್ಲ. ಹೋಟೆಲಿನ ಹೆಸರು ನನಗೇ ಬಾಯಿಗೆ ಬರುವುದಿಲ್ಲ. ಸ್ಟೇಷನ್ನಿನ ಟೋಪಿಯವನಿಗೆ ಕೈಸನ್ನೆ ಮಾಡಿದೆ. ಆತ ಬಾಗಿ ನಮಸ್ಕರಿಸಿದ. ನಾನೂ ಬಾಗಿದೆ. ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ಅರ್ಧ ಗಂಟೆಯ ಮೇಲೆ ಎದುರು ದಿಕ್ಕಿನಿಂದ ವಾಪಸ್ ಬಂದ ರೈಲಿನಿಂದ ಗಂಗಾ ಇಳಿದಳು, ಜಪಾನಿ ಮುದುಕಿಯೊಬ್ಬಳ ಕೈ ಹಿಡಿದುಕೊಂಡು. ಇಬ್ಬರೂ ಜೋರಾಗಿ ಮಾತಾಡುತ್ತಿದ್ದರು, ಈಕೆ ಕನ್ನಡದಲ್ಲಿ, ಆಕೆ ಜಪಾನಿಯಲ್ಲಿ. ಬೀಳ್ಕೊಡುವಾಗ ಇಬ್ಬರೂ ಬಾಗಿದ್ದೇ ಬಾಗಿದ್ದು. ಮೊದಲು ನಿಲ್ಲಿಸಲು ಯಾರೂ ತಯಾರಿರಲಿಲ್ಲ.

"ಅಂಜಿದ್ಯೇನ?" ಎಂದೆ.

"ನಾ ಯಾಕ ಅಂಜ್ಲಿ? ಆಕಿ ಇದ್ಲಲ್ಲ. ನೀವೊಬ್ರ ಉಳದ್ರಲ್ಲಾ ಅಂತ ಅಳು ಬಂತು ನೋಡ್ರಿ."

ಇಷ್ಟು ವರ್ಷಗಳ ಸಂಸಾರದಲ್ಲಿ ಮೊದಲ ಸಲ ಬೀದಿಯಲ್ಲಿ ಆಕೆಯ ಕೈ ಹಿಡಿದು ನಡೆದೆ.

"ಬಿಡ್ರಿ, ಯಾರರ ನೋಡ್ತಾರ," ಎಂದಳು.

ನಾನು ಬಿಡಲಿಲ್ಲ. ಆಕೆಯೂ ಎಳೆದುಕೊಳ್ಳಲಿಲ್ಲ.