ತೊಟ್ಟಿಯ ಮುಚ್ಚಳ

ಬುಧವಾರ, ಮಧ್ಯಾಹ್ನ

ಅಮ್ಮಾ,

ನಿನ್ನ ಕಾಗದ ಬಂತು. ಮೊಣಕಾಲು ನೋವು ಕಡಿಮೆಯಾಗಿದೆ ಎಂದು ಓದಿ ಸಮಾಧಾನವಾಯಿತು. ಅದರ ಕೆಳಗಿನ ಸಾಲು ಓದಿದ ಮೇಲೆ ಊಟ ಸೇರಲಿಲ್ಲ. ಪೊಲೀಸರು ಕೇಳಿದರೆ ತೊಟ್ಟಿಗೆ ಮುಚ್ಚಳ ಇತ್ತು ಅಂತ ಹೇಳಿಬಿಡು, ಒಡಹುಟ್ಟಿದವನಲ್ಲವೇ ಎಂದಿದ್ದೀಯ. ಅಣ್ಣ ನಿನಗೆ ಏನು ಹೇಳಿದ್ದಾನೋ, ನಾನು ಕಂಡದ್ದನ್ನು ಬರೆಯುತ್ತೇನೆ.

ಅಣ್ಣನ ಕಟ್ಟಡದ ಮೆಟ್ಟಿಲ ಕೆಳಗೆ ಇಸ್ತ್ರಿ ಮಾಡುವವಳಿದ್ದಾಳಲ್ಲ, ಅವಳ ಪುಟ್ಟ ಮಗಳನ್ನು ನಾವೆಲ್ಲ ಗುಬ್ಬಿ ಅಂತ ಕರೆಯುತ್ತೇವೆ. ಇಸ್ತ್ರಿ ಮೇಜಿನ ಪಕ್ಕದಲ್ಲೇ ನೆಲದೊಳಗಿನ ನೀರಿನ ತೊಟ್ಟಿ. ಅದರ ಮುಚ್ಚಳ ತುಕ್ಕು ಹಿಡಿದು ಮುರಿದು ಎಷ್ಟು ಕಾಲವಾಯಿತೋ. ಅಣ್ಣ ಮೇಲೊಂದು ಪ್ಲೈವುಡ್ ಚೂರು ಎಳೆದು ಸುಮ್ಮನಾಗಿದ್ದ. ಇಸ್ತ್ರಿಯವಳು ಹೇಳಿ ಹೇಳಿ ಸಾಕಾಗಿದ್ದಳು. ಮಗುವನ್ನು ಕಟ್ಟಿಹಾಕಿಕೋ ಎಂದು ಅಣ್ಣ ನಕ್ಕಿದ್ದ.

ಭಾನುವಾರ ಅವಳು ಬಟ್ಟೆ ಕೊಡಲು ಮಹಡಿಗೆ ಹೋಗಿದ್ದಾಗ ಮಗು ಬಿದ್ದಿತು. ಪ್ಲೈವುಡ್ ಸರಿದದ್ದು ಕಂಡ ಅತ್ತಿಗೆ ಬೋರಲಾಗಿ ಮಲಗಿ ಫ್ರಾಕು ಹಿಡಿದು ಮೇಲೆಳೆದಳು. ನಾನು ಮಹಡಿಯಿಂದ ಇಳಿದು ಬರುವಷ್ಟರಲ್ಲಿ ಕೆಳಮನೆಯವರು ಮಗುವನ್ನು ಕಾಲು ಹಿಡಿದು ತಲೆಕೆಳಗಾಗಿ ಗರಗರ ತಿರುಗಿಸುತ್ತಿದ್ದರು. ಮೈಗೆ ಉಪ್ಪು ತಿಕ್ಕಿ ಎಂದು ಒಬ್ಬರ ಸಲಹೆ. ಇನ್ನೊಬ್ಬ ಫೋನ್ ಎತ್ತಿ ಹಿಡಿದು ನನ್ನ ಭುಜ ತಟ್ಟಿದ: "ಸ್ವಲ್ಪ ಆಚೆ ನಿಂತ್ಕೊಳ್ಳಿ, ಕಾಣ್ತಿಲ್ಲ."

ಮಗುವನ್ನು ಕಿತ್ತುಕೊಂಡೆ ಅಮ್ಮಾ. ಶಾಲೆಯಲ್ಲಿ ನಮಗೆ ಟೀಚರುಗಳಿಗೆ ಗೊಂಬೆಯ ಮೇಲೆ ಕಲಿಸಿದ್ದರಲ್ಲ, ಹಾಗೇ ಬಾಯಿಗೆ ಬಾಯಿಟ್ಟು ಊದಿದೆ, ಎದೆ ಒತ್ತಿದೆ. ಆಗ ಹಿಂದೆ ಕಬ್ಬಿಣ ಎಳೆಯುವ ಸದ್ದು. ತಿರುಗಿ ನೋಡಿದರೆ ಅಣ್ಣ. ಪಕ್ಕದ ಸೈಟಿನಿಂದ ಯಾವುದೋ ಮುಚ್ಚಳ ಎಳೆದು ತಂದು ಕೂರಿಸುತ್ತಿದ್ದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದನ್ನು ಕೇಳಿದ್ದೆ. ಇಲ್ಲಿ ಕೊಳ್ಳೆ ಹೋಗುತ್ತಿರುವಾಗಲೇ ಹಾಕಿದ. ಮಗುವಿಗೆ ಉಸಿರು ಬರುವ ಮೊದಲೇ ತೊಟ್ಟಿಗೆ ಮುಚ್ಚಳ ಬಂತು.

ಆಂಬುಲೆನ್ಸ್ ಬಂದದ್ದು ತಡವಾಗಿ. ಅದರಲ್ಲಿದ್ದ ಆಮ್ಲಜನಕದ ಸಿಲಿಂಡರ್ ಖಾಲಿ. ಡ್ರೈವರ್ ಆಕಳಿಸುತ್ತಾ, ಮೇಲಿನವರಿಗೆ ಆಗಲೇ ಹೇಳಿದ್ದೆ ಎಂದ. ದಾರಿಯುದ್ದಕ್ಕೂ ನಾನೇ ಊದಿದೆ. ಆಸ್ಪತ್ರೆಯ ಬಾಗಿಲಲ್ಲಿ ಮೊದಲು ಪೊಲೀಸ್ ಕಾಗದ ಕೇಳಿದರು. ನರ್ಸ್ ಒಬ್ಬಳು ಅದಕ್ಕೆ ಕಾಯದೆ ಮಗುವನ್ನು ಎತ್ತಿಕೊಂಡು ಒಳಗೆ ಓಡದಿದ್ದರೆ ಈ ಕಾಗದವನ್ನು ಬೇರೆ ಥರ ಬರೆಯಬೇಕಿತ್ತು.

ಗುಬ್ಬಿ ಬದುಕಿದೆ. ಕಣ್ಣು ಬಿಡುತ್ತದೆ, ಆದರೆ ನೋಟ ತಾಯಿಯ ಮೇಲೆ ನಿಲ್ಲುವುದಿಲ್ಲ. ಮಿದುಳಿಗೆ ಗಾಳಿ ಸಾಲದೆ ಹೀಗಾಗಿದೆ, ಎಷ್ಟು ಮರಳುತ್ತದೋ ಹೇಳಲಾಗದು ಎನ್ನುತ್ತಾರೆ ಡಾಕ್ಟರು. ಅಣ್ಣ ಒಂದು ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದಿದ್ದ. ಮಗುವಿನ ಬಾಯಲ್ಲಿ ನಳಿಕೆ ಇತ್ತು. ಹೊರಗೆ ಬಂದು ಎಲ್ಲರೆದುರು, "ಹೆತ್ತೋಳಿಗೆ ಎಚ್ಚರ ಬೇಡ್ವಾ?" ಅಂದ. ಅವನ ಕೈ ತಾಕಿದ ಬಾಗಿಲ ಹಿಡಿಯನ್ನು ಮುಟ್ಟಲು ಅಸಹ್ಯವಾಯಿತು.

ಹೆತ್ತವರಿಗೆ ಹೆಗ್ಗಣ ಮುದ್ದು, ನಿನ್ನನ್ನು ದೂರುವುದಿಲ್ಲ. ಆದರೆ ತಿಪ್ಪೆ ಸಾರಿಸುವ ಕೆಲಸಕ್ಕೆ ನನ್ನನ್ನು ಕರೆಯಬೇಡ. ಮುಚ್ಚಳ ಇರಲಿಲ್ಲ. ನಾಳೆ ಠಾಣೆಯಲ್ಲಿ ಅದನ್ನೇ ಹೇಳುತ್ತೇನೆ. ಕೋಪ ಬಂದರೆ ಬರಲಿ, ಮಾತ್ರೆ ಮಾತ್ರ ತಪ್ಪಿಸಬೇಡ.

ನಿನ್ನ ಹಟಮಾರಿ,
ಕಿರಿಮಗಳು

ಮರೆತೆ: ಅತ್ತಿಗೆ ತವರಿಗೆ ಹೋಗಿದ್ದಾಳೆ ಎಂದು ಅಣ್ಣ ನಿನಗೆ ಹೇಳಿರುತ್ತಾನೆ. ಸುಳ್ಳು. ನನಗಿಂತ ಮೊದಲು ಠಾಣೆಗೆ ಹೋಗಿ ಎಲ್ಲ ಬರೆಸಿ ಬಂದವಳು ಅವಳೇ. ಈಗ ಆಸ್ಪತ್ರೆಯಲ್ಲಿ ಇಸ್ತ್ರಿಯವಳ ಪಕ್ಕ ಕೂತಿದ್ದಾಳೆ. ಮನೆಗೆ ಯಾವಾಗ ಬರ್ತೀಯ ಎಂದು ಕೇಳಿದೆ. "ಆ ಮನೆ ನೀರು ಇನ್ನು ನನ್ನ ಗಂಟಲಲ್ಲಿ ಇಳಿಯಲ್ಲ ಕಣೇ" ಅಂದಳು.